ಕಿಟಕಿ: ತೆರೆಯುವ ಬಗೆ, ಕೆಡುವ ಜಾಗ

ಕೀಲಿನ ಮೇಲೆ ತಿರುಗುವ ಕಿಟಕಿ ಪೂರ್ತಿ ತೆರೆಯುತ್ತದೆ. ಒಳಬದಿಗೆ ಗ್ರಿಲ್ ಇದ್ದರೆ ಹೊರಕ್ಕೇ ತೆರೆಯಬೇಕು. ಗಾಳಿಗೆ ಬಡಿದು ಗಾಜು ಒಡೆಯದಂತೆ ಕೊಕ್ಕೆ ಹಾಕಿಡಿ. ಬಚ್ಚಲಿಗೆ ಓರೆ ಗಾಜಿನ ಪಟ್ಟಿಗಳ ಲೂವರ್ ಸಾಕು.

ಎರಡು ಟ್ರ್ಯಾಕಿನ ಸ್ಲೈಡಿಂಗ್ ಕಿಟಕಿ ಅರ್ಧ ಮಾತ್ರ ತೆರೆಯುತ್ತದೆ. ಮಳೆಗಾಲದಲ್ಲಿ ಅದರಿಂದ ನೀರು ಒಳಬಂದರೆ ಮೊದಲು ಕೆಳಗಿನ ಟ್ರ್ಯಾಕ್ ನೋಡಿ. ನೀರು ಹೊರಹೋಗುವ ಸಣ್ಣ ತೂತುಗಳಲ್ಲಿ ಮಣ್ಣು ಕಟ್ಟಿರುತ್ತದೆ. ಕೆಲವೊಮ್ಮೆ ಕೆಲಸದವರೇ ಸಿಲಿಕೋನ್ ಅಂಟು ಮೆತ್ತಿ ಮುಚ್ಚಿರುತ್ತಾರೆ, ಇದು ದೊಡ್ಡ ತಪ್ಪು. ಹಳೆ ಹಲ್ಲುಜ್ಜುವ ಬ್ರಷ್‌ನಿಂದ ಧೂಳು ತೆಗೆದು, ತೆಳು ತಂತಿಯಿಂದ ತೂತು ಬಿಡಿಸಿ, ಒಂದು ಲೋಟ ನೀರು ಹೊಯ್ಯಿರಿ. ಅದು ಹೊರಗೇ ಹರಿಯಬೇಕು.

ಸ್ಲೈಡಿಂಗ್ ಕಿಟಕಿಯ ಶಟರ್, ಅಂದರೆ ಜಾರುವ ಗಾಜಿನ ಬಾಗಿಲು, ಬಿಗಿಯಾದರೆ ಎಣ್ಣೆ ಬಿಡಬೇಡಿ, ಧೂಳು ಅಂಟಿ ಇನ್ನೂ ಬಿಗಿಯಾಗುತ್ತದೆ. ಇಬ್ಬರು ಸೇರಿ ಶಟರನ್ನು ಮೇಲಕ್ಕೆತ್ತಿ, ಬುಡವನ್ನು ಒಳಕ್ಕೆಳೆದು ಬಿಡಿಸಿ, ಅದರಡಿಯ ಸವೆದ ರೋಲರ್ (ಸಣ್ಣ ಚಕ್ರ) ಬದಲಿಸಿ.