ಸ್ಟ್ರಟ್ಸ್‌ನಲ್ಲಿ ಫಾರಂ ತುಂಬಿಸುವಾಗ ಪಂಚಾಯತ್ ಪಟ್ಟಿ ಎಲ್ಲಿಡಬೇಕು?

ಬದಿಯಡ್ಕ ಕಡೆಯ ಅಡಿಕೆ ಬೆಳೆಗಾರರ ಸಣ್ಣ ಸಂಘವೊಂದಕ್ಕೆ ಸದಸ್ಯರ ಫಾರಂ ಮಾಡಿಕೊಟ್ಟಿದ್ದೇನೆ. ಜಾವಾ, ಸ್ಟ್ರಟ್ಸ್ (ಜಾವಾದಲ್ಲಿ ವೆಬ್ ಆ್ಯಪ್ ಕಟ್ಟುವ ಚೌಕಟ್ಟು), ಜೆಎಸ್‌ಪಿ (ಪುಟ ತೋರಿಸುವ ಫೈಲ್) ಬಳಸಿದ್ದೇನೆ. ಹೆಸರು, ಮನೆ ಹೆಸರು, ಪಂಚಾಯತ್, ಫೋನ್, ಅಷ್ಟೇ. ನಮ್ಮ ಕಾಸರಗೋಡಿನಲ್ಲಿ ಮನೆ ಹೆಸರಿಗೆ ಬೇರೆಯೇ ಕಾಲಂ ಬೇಕು. ಇಲ್ಲದಿದ್ದರೆ ಯಾವ ನಾರಾಯಣ ಭಟ್ರು ಅಂತ ಹುಡುಕುತ್ತಾ ಕೂರಬೇಕಾಗುತ್ತದೆ.

ಮಾಮೂಲಿ ಕಾಲಂಗಳು ಸುಲಭ. ಆಕ್ಷನ್ ಕ್ಲಾಸಿನಲ್ಲಿ (ರಿಕ್ವೆಸ್ಟ್ ನಿಭಾಯಿಸುವ ಜಾವಾ ಕ್ಲಾಸ್) ಫಾರಂಗೆಂದೇ ಒಂದು ಆಬ್ಜೆಕ್ಟ್ ಇಡಿ, ಗೆಟರ್ ಸೆಟರ್ ಬರೆಯಿರಿ. ಜೆಎಸ್‌ಪಿಯ ಟೆಕ್ಸ್ಟ್‌ಫೀಲ್ಡ್ ಟ್ಯಾಗಿಗೆ ಸರಿಯಾದ ನೇಮ್ ಕೊಟ್ಟರೆ ಸಾಕು. ತೋರಿಸುವುದಕ್ಕೂ ಅದೇ, ಬರೆದದ್ದನ್ನು ವಾಪಸ್ ತರುವುದಕ್ಕೂ ಅದೇ. ಸ್ಟ್ರಟ್ಸ್ 7 ಆದರೆ ಆ ಗೆಟರ್ ಮೇಲೆ ಸ್ಟ್ರಟ್ಸ್‌ಪ್ಯಾರಾಮೀಟರ್ ಅನೋಟೇಶನ್ ಹಾಕಿ, ಡೆಪ್ತ್ 1 ಕೊಡಿ, ಅಂದರೆ ಆಬ್ಜೆಕ್ಟಿನ ಒಳಗೆ ಒಂದು ಹಂತದವರೆಗೆ ಬಿಡಿ. ಸದಸ್ಯರ ಐಡಿಯ ಸೆಟರ್ ಮೇಲೂ ಅನೋಟೇಶನ್ ಹಾಕಿ. ಇಲ್ಲದಿದ್ದರೆ ಏನೂ ಒಳಗೆ ಬರುವುದಿಲ್ಲ.

ತಲೆನೋವು ಇರುವುದು ಪಂಚಾಯತ್ ಪಟ್ಟಿಯಲ್ಲಿ. ಪುತ್ತಿಗೆ, ಎಣ್ಮಕಜೆ, ಪೈವಳಿಕೆ, ಮೀಂಜ ಎಲ್ಲ ಡೇಟಾಬೇಸಿನಿಂದ ಬರಬೇಕು. ಜಾಸ್ತಿ ಜನ ಈ ಪಟ್ಟಿಯನ್ನು ಫಾರಂ ತೆರೆಯುವ ಮೆಥಡ್‌ನಲ್ಲೇ ತುಂಬಿಸುತ್ತಾರೆ. ಮೊದಲ ಸಲ ಚೆನ್ನಾಗಿಯೇ ಕಾಣುತ್ತದೆ. ಯಾರೋ ಫೋನ್ ನಂಬರ್ ಬಿಟ್ಟು ಸೇವ್ ಒತ್ತುತ್ತಾರೆ. ವ್ಯಾಲಿಡೇಶನ್ (ತುಂಬಿದ್ದು ಸರಿಯಿದೆಯೇ ಎಂಬ ಪರೀಕ್ಷೆ) ತಪ್ಪಿದಾಗ ಸ್ಟ್ರಟ್ಸ್ ನಿಮ್ಮ ಮೆಥಡ್‌ಗೆ ಹೋಗುವುದೇ ಇಲ್ಲ, ನೇರ ಇನ್‌ಪುಟ್ ಪುಟಕ್ಕೆ, ಅಂದರೆ ಅದೇ ಫಾರಂಗೆ, ಹೋಗುತ್ತದೆ. ಹೊಸ ರಿಕ್ವೆಸ್ಟ್ ಅಂದರೆ ಹೊಸ ಆಕ್ಷನ್ ಆಬ್ಜೆಕ್ಟ್, ಅದರಲ್ಲಿ ಪಟ್ಟಿ ನಲ್. ಸೆಲೆಕ್ಟ್ ಟ್ಯಾಗು ಪಟ್ಟಿ ಸಿಗಲಿಲ್ಲ ಅಂತ ಎರರ್ ಕೊಟ್ಟು ಕೂರುತ್ತದೆ.

ಹಾಗಾಗಿ ಆಕ್ಷನ್ ಕ್ಲಾಸಿಗೆ ಪ್ರಿಪೇರಬಲ್ ಇಂಟರ್‌ಫೇಸ್ ಸೇರಿಸಿ, ಪಟ್ಟಿಯನ್ನು ಪ್ರಿಪೇರ್ ಮೆಥಡ್‌ನಲ್ಲಿ ತುಂಬಿಸಿ. ಅದು ವ್ಯಾಲಿಡೇಶನ್‌ಗಿಂತ ಮೊದಲೇ ಓಡುತ್ತದೆ, ಪ್ರತಿ ಸಲವೂ. ಸೆಲೆಕ್ಟ್‌ಗೆ ಲಿಸ್ಟ್, ಲಿಸ್ಟ್‌ಕೀ, ಲಿಸ್ಟ್‌ವ್ಯಾಲ್ಯೂ ಮೂರೂ ಕೊಡಿ. ಕೀ ಅಂದರೆ ಪಂಚಾಯತಿನ ಐಡಿ, ವ್ಯಾಲ್ಯೂ ಅಂದರೆ ಹೆಸರು.

ಹಳೆ ಸದಸ್ಯರ ವಿವರ ತಿದ್ದುವಾಗ ಇನ್ನೊಂದು ತೊಡಕು. ಡಿಫಾಲ್ಟ್ ಸ್ಟ್ಯಾಕ್‌ನಲ್ಲಿ (ರಿಕ್ವೆಸ್ಟ್ ಬಂದಾಗ ಸ್ಟ್ರಟ್ಸ್ ತಾನಾಗಿ ಓಡಿಸುವ ಹಂತಗಳ ಸಾಲು) ಪ್ರಿಪೇರ್ ಓಡುವ ಹೊತ್ತಿಗೆ ಸದಸ್ಯರ ಐಡಿ ಬಂದಿರುವುದೇ ಇಲ್ಲ. ಪ್ಯಾರಾಮ್ಸ್‌ಪ್ರಿಪೇರ್‌ಪ್ಯಾರಾಮ್ಸ್ ಸ್ಟ್ಯಾಕ್ ಹಾಕಿಕೊಳ್ಳಿ. ಮೊದಲು ಐಡಿ ಬರುತ್ತದೆ, ಆಮೇಲೆ ಪ್ರಿಪೇರ್ ಹಳೆ ದಾಖಲೆ ತಂದು ಫಾರಂಗೆ ಹಾಕುತ್ತದೆ, ಅದರ ಮೇಲೆ ಬಳಕೆದಾರರು ಹೊಸದಾಗಿ ಬರೆದದ್ದು ಕೂರುತ್ತದೆ. ಹೆಸರೇ ಕೆಲಸ ಹೇಳುತ್ತದೆ, ಅಲ್ವಾ?

ಡೇಟಾಬೇಸಿನ ಸದಸ್ಯ ಆಬ್ಜೆಕ್ಟನ್ನೇ ಸುಮ್ನೆ ಫಾರಂಗೆ ಕಟ್ಟಬೇಡಿ. ಪುಟದಲ್ಲಿ ಪಾಲು ಹಣದ ಕಾಲಂ ಇಲ್ಲದಿದ್ದರೂ ಯಾರಾದರೂ ಅದರ ಹೆಸರು ಸೇರಿಸಿ ಕಳಿಸಬಹುದು. ತಿದ್ದಲು ಬಿಟ್ಟ ಕಾಲಂಗಳಷ್ಟೇ ಇರುವ ಪುಟ್ಟ ಕ್ಲಾಸ್ ಸಾಕು.

ಜೆಎಸ್‌ಪಿಯ ತಲೆಯಲ್ಲಿ ಪೇಜ್‌ಎನ್‌ಕೋಡಿಂಗ್ ಯುಟಿಎಫ್-8 ಅಂತ ಹಾಕಿ, ಇಲ್ಲದಿದ್ದರೆ ಕನ್ನಡದ ಲೇಬಲ್‌ಗಳು ಓದಲಾಗದ ಗುರುತುಗಳಾಗುತ್ತವೆ. ಆಮೇಲೆ ಎಣ್ಮಕಜೆ ಆರಿಸಿ, ಫೋನ್ ಖಾಲಿ ಬಿಟ್ಟು ಸೇವ್ ಒತ್ತಿ ನೋಡಿ. ಎರರ್ ಬಂದ ಪುಟದಲ್ಲೂ ಎಣ್ಮಕಜೆಯೇ ಆಯ್ಕೆಯಾಗಿರಬೇಕು, ಮನೆ ಹೆಸರೂ ಇದ್ದಂತೆಯೇ ಇರಬೇಕು.