ಹೊಸ ರೀಫ್ ಟ್ಯಾಂಕಿಗೆ ಹರ್ಮಿಟ್ ಏಡಿ ಬಿಡುವ ಮುನ್ನ

ಮನೆಯಲ್ಲಿ ಉಪ್ಪುನೀರಿನ ರೀಫ್ ಟ್ಯಾಂಕ್, ಅಂದರೆ ಹವಳ, ಮೀನು ಸಾಕುವ ತೊಟ್ಟಿ ಇಟ್ಟವರು ಮೊದಲು ಕೊಳ್ಳುವ ಜೀವಿ ಬಹಳ ಸಲ ಬಸವನಹುಳುವಿನ ಖಾಲಿ ಚಿಪ್ಪಿನಲ್ಲಿ ವಾಸಿಸುವ ಹರ್ಮಿಟ್ ಏಡಿಯೇ. ನೋಡಲು ಮುದ್ದಾಗಿದೆ, ಪಾಚಿ ತಿನ್ನುತ್ತದೆ, ಮೀನಿಗಿಂತ ಅಗ್ಗ. ನಾನೂ ಹಾಗೇ ಶುರು ಮಾಡಿದ್ದು. ಟ್ಯಾಂಕಿಗೆ ನೀರು ತುಂಬಿಸಿ ಮೂರನೇ ವಾರ ಮರಳಿನ ಮೇಲೆ ಕಂದು ಬಣ್ಣದ ಪಾಚಿ ಕೂತಿತು. ಅಂಗಡಿಗೆ ಹೋಗಿ ಕೇಳಿದೆ. “ಹತ್ತು ಏಡಿ ಬಿಡಿ ಸರ್, ಎರಡು ದಿನದಲ್ಲಿ ಕ್ಲೀನ್ ಆಗುತ್ತೆ” ಎಂದರು. ಬಿಟ್ಟೆ. ನಾಲ್ಕನೇ ದಿನಕ್ಕೆ ಆರು ಸತ್ತಿದ್ದವು. ಆಮೇಲೆ ನೀರು ಪರೀಕ್ಷೆ ಮಾಡಿದರೆ ಅಮೋನಿಯಾ ಇನ್ನೂ ಇಳಿದೇ ಇರಲಿಲ್ಲ.

ಇದನ್ನು ಹೇಳಲು ಕಾರಣ ಇದೆ. ಹರ್ಮಿಟ್ ಏಡಿಯ ಮರಿಗಳು ಹುಟ್ಟಿದ ಮೇಲೆ ವಾರಗಟ್ಟಲೆ ಸಮುದ್ರದಲ್ಲಿ ತೇಲುತ್ತಾ ಬೆಳೆಯುತ್ತವೆ. ಮನೆಯ ಟ್ಯಾಂಕಿನಲ್ಲಿ ಅವನ್ನು ಸಾಕಿ ದೊಡ್ಡದು ಮಾಡುವುದು ತುಂಬಾ ಕಷ್ಟ. ಹಾಗಾಗಿ ಅಂಗಡಿಯಲ್ಲಿ ಸಿಗುವ ಹೆಚ್ಚುಕಡಿಮೆ ಎಲ್ಲ ಏಡಿಗಳೂ ಸಮುದ್ರದಿಂದ ಹಿಡಿದು ತಂದವು. ಅದನ್ನು ಕ್ಲೀನಿಂಗ್ ಬ್ರಷ್ ಥರ ನೋಡಬಾರದು. ಮೊದಲು ನೀರು ಹದವಾಗಬೇಕು, ಆಮೇಲೆ ತಿನ್ನಲು ಪಾಚಿ ಬೆಳೆಯಬೇಕು, ಬದಲಾಯಿಸಲು ಖಾಲಿ ಚಿಪ್ಪುಗಳಿರಬೇಕು. ಏಡಿ ಬರುವುದು ಇವೆಲ್ಲ ಆದ ಮೇಲೆ.

ಮೊದಲ ಹೆಜ್ಜೆ: ನೀರು

ಬೋರ್‌ವೆಲ್ ನೀರು ಬೇಡ. ಅದರಲ್ಲಿ ಲವಣ ಜಾಸ್ತಿ. ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ರೀಫ್ ಟ್ಯಾಂಕಿಗೆ ಬೇಕಾದದ್ದು ಆರ್‌ಓ ಆದ ಮೇಲೆ ಡಿಐ ರೆಸಿನ್ (ಉಳಿದ ಲವಣವನ್ನೂ ಹಿಡಿದಿಡುವ ಹರಳು) ಮೂಲಕವೂ ಹಾದುಬಂದ ನೀರು. ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಅದ್ದಿದರೆ ಸೊನ್ನೆ ತೋರಿಸಬೇಕು.

“ಅಡುಗೆಮನೆಯಲ್ಲಿ ಆರ್‌ಓ ಇದೆಯಲ್ಲ, ಅದೇ ಸಾಕು ಅಲ್ವಾ?” ಎಂದು ಎಷ್ಟೋ ಜನ ಕೇಳುತ್ತಾರೆ. ಸಾಲದು. ಕುಡಿಯುವ ನೀರಿನ ಯಂತ್ರಗಳು ರುಚಿಗಾಗಿ ಸ್ವಲ್ಪ ಲವಣ ಉಳಿಸುತ್ತವೆ ಅಥವಾ ಸೇರಿಸುತ್ತವೆ. ಈಗಿನ ಎಷ್ಟೋ ಯಂತ್ರಗಳಲ್ಲಿ ತಾಮ್ರ ಬೆರೆಸುವ ಕಾರ್ಟ್ರಿಜ್ ಕೂಡ ಇರುತ್ತದೆ. ನಮಗೆ ಕುಡಿಯಲು ಅದು ಆಗಬಹುದು, ಆದರೆ ಏಡಿ, ಸಿಗಡಿ, ಬಸವನಹುಳುಗಳಿಗೆ ತಾಮ್ರ ವಿಷ. ತೀರಾ ಸ್ವಲ್ಪ ಇದ್ದರೂ ಸಾಯುತ್ತವೆ. ತಾಮ್ರದ ಕೊಡದಲ್ಲಿ ತುಂಬಿಟ್ಟ ನೀರನ್ನೂ ಬಳಸಬೇಡಿ. ಮೀನಿನ ಬಿಳಿಚುಕ್ಕೆ ರೋಗಕ್ಕೆ ಕೊಡುವ ಹಲವು ಔಷಧಿಗಳಲ್ಲೂ ತಾಮ್ರವೇ ಇರುತ್ತದೆ. ಬಂಡೆ, ಮರಳು ಅದನ್ನು ಹೀರಿಕೊಂಡು ಆಮೇಲೆ ನಿಧಾನಕ್ಕೆ ಬಿಡುತ್ತವೆ. ಹಳೇ ಟ್ಯಾಂಕ್ ಕೊಳ್ಳುವವರು ಹಿಂದಿನವರನ್ನು ಈ ಬಗ್ಗೆ ಕೇಳಿಯೇ ಕೊಳ್ಳಿ.

ಉಪ್ಪು ಎಂದರೆ ಅಕ್ವೇರಿಯಂಗೆಂದೇ ಬರುವ ಸಮುದ್ರ ಉಪ್ಪಿನ ಮಿಶ್ರಣ, ಅಡುಗೆ ಉಪ್ಪಲ್ಲ. ಲೀಟರಿಗೆ ಸುಮಾರು 35 ಗ್ರಾಂ ಬೇಕಾಗುತ್ತದೆ. ಬೇರೆ ಬಕೆಟ್‌ನಲ್ಲಿ ಪಂಪ್ ಇಟ್ಟು ಪೂರ್ತಿ ಕರಗಿಸಿ, ಉಪ್ಪಿನಂಶ ಅಳೆಯುವ ರಿಫ್ರ್ಯಾಕ್ಟೋಮೀಟರ್‌ನಲ್ಲಿ 1.025 ಬಂದ ಮೇಲೆ ಟ್ಯಾಂಕಿಗೆ ಹಾಕಿ. ಶಾಖ 24ರಿಂದ 26 ಡಿಗ್ರಿ ಇರಲಿ. ಬೇಸಿಗೆಯಲ್ಲಿ ಅದು ಸುಲಭವಾಗಿ ಮೇಲೇರುತ್ತದೆ. ನೀರಿನ ಮೇಲೆ ಸಣ್ಣ ಫ್ಯಾನ್ ಬೀಸುವಂತೆ ಇಟ್ಟರೆ ಎರಡು ಡಿಗ್ರಿಯಷ್ಟಾದರೂ ಇಳಿಯುತ್ತದೆ. ಆಗ ನೀರು ಬೇಗ ಆವಿಯಾಗುತ್ತದೆ, ಉಪ್ಪು ಮಾತ್ರ ಟ್ಯಾಂಕಿನಲ್ಲೇ ಉಳಿಯುತ್ತದೆ. ಆದ್ದರಿಂದ ದಿನಾ ತುಂಬಿಸಬೇಕಾದದ್ದು ಉಪ್ಪಿಲ್ಲದ ನೀರು. ಕರೆಂಟ್ ಹೋಗುವ ಏರಿಯಾ ಆದರೆ ಬ್ಯಾಟರಿಯ ಏರ್ ಪಂಪ್ ಒಂದು ಇರಲೇಬೇಕು.

ಎರಡನೇ ಹೆಜ್ಜೆ: ಕಾಯುವುದು

ಬಂಡೆಗೆ ಸೆರಾಮಿಕ್ ಅಥವಾ ಸಿಮೆಂಟಿನ ಕೃತಕ ಬಂಡೆ ತನ್ನಿ. ಕಡಲ ತೀರದಿಂದ ಹವಳದ ತುಂಡು ಆರಿಸಿ ತರಬೇಡಿ, ಅದು ಸತ್ತಿದ್ದರೂ ಸರಿ. ಬಂಡೆ ಕಟ್ಟುವ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ.

ಮರಳು, ಬಂಡೆ, ನೀರು ಸೇರಿದ ಮೇಲೆ ಒಂದು ಸಣ್ಣ ತುಂಡು ಸಿಗಡಿ ಹಾಕಿ ಬಿಡಿ. ಅದು ಕೊಳೆತಾಗ ಅಮೋನಿಯಾ ಬರುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಮೊದಲ ಎರಡೂ ವಿಷ. ಮೂರನೆಯದು ಅಷ್ಟು ಅಪಾಯಕಾರಿಯಲ್ಲ. ಈ ಬ್ಯಾಕ್ಟೀರಿಯಾ ಬಂಡೆಯಲ್ಲಿ ನೆಲೆಗೊಳ್ಳಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಅಮೋನಿಯಾ ಮತ್ತು ನೈಟ್ರೈಟ್ ಎರಡೂ ಸೊನ್ನೆಗೆ ಬಂದು, ಒಂದು ವಾರ ಹಾಗೇ ನಿಂತರೆ ಟ್ಯಾಂಕ್ ಸಿದ್ಧ. ನೀರು ತಿಳಿಯಾಗಿ ಕಂಡರೆ ಸಾಕು ಅಂದುಕೊಳ್ಳಬೇಡಿ. ನನ್ನ ಆರು ಏಡಿ ಸತ್ತ ದಿನವೂ ನೀರು ಕನ್ನಡಿಯ ಹಾಗಿತ್ತು.

ಈ ನಡುವೆ ಕಂದು ಪಾಚಿ ಬಂದೇ ಬರುತ್ತದೆ. ಅದರ ಹೆಸರು ಡಯಾಟಮ್. ಹೊಸ ಮರಳು, ಬಂಡೆಯಲ್ಲಿರುವ ಸಿಲಿಕೇಟ್ ತಿಂದು ಬೆಳೆಯುತ್ತದೆ, ಅದು ಮುಗಿದಾಗ ತಾನಾಗಿ ಹೋಗುತ್ತದೆ. ಅದಕ್ಕೆಂದು ಏಡಿ ತರುವ ಅಗತ್ಯವಿಲ್ಲ. ಬಂಡೆಯ ಮೇಲೆ ಹಸಿರು ಪಾಚಿ, ಎಳೆಎಳೆಯಾಗಿ, ಶುರುವಾಯಿತೇ? ಆಗ ಏಡಿಗೆ ಊಟ ಇದೆ ಎಂದರ್ಥ. ಕೆಂಪಗೆ ಲೋಳೆಯ ಹಾಗೆ ಹಬ್ಬುವುದನ್ನು ಮಾತ್ರ ಏಡಿಯ ತಲೆಗೆ ಕಟ್ಟಬೇಡಿ. ಅದು ಸಯನೋಬ್ಯಾಕ್ಟೀರಿಯಾ. ಅದಕ್ಕೆ ಮದ್ದು ನೀರು ಬದಲಾವಣೆ, ಹರಿವು ಹೆಚ್ಚಿಸುವುದು, ಮೀನಿಗೆ ಊಟ ಕಡಿಮೆ ಹಾಕುವುದು.

ಮೂರನೇ ಹೆಜ್ಜೆ: ಏಡಿಗಿಂತ ಮೊದಲು ಚಿಪ್ಪು

ಜಾಸ್ತಿ ಜನ ಮರೆಯುವುದು ಇದನ್ನೇ. ಹರ್ಮಿಟ್ ಏಡಿಯ ಮುಂಭಾಗಕ್ಕೆ ಮಾತ್ರ ಗಟ್ಟಿ ಕವಚ. ಹೊಟ್ಟೆಯ ಭಾಗ ಮೆತ್ತಗೆ, ಸುರುಳಿ ಸುತ್ತಿಕೊಂಡಿರುತ್ತದೆ. ಬಸವನಹುಳುವಿನ ಖಾಲಿ ಚಿಪ್ಪಿನೊಳಗೆ ಅದನ್ನು ಇಳಿಸಿಕೊಂಡು, ಹಿಂದಿನ ಪುಟ್ಟ ಕಾಲುಗಳಿಂದ ಚಿಪ್ಪನ್ನು ಒತ್ತಿ ಹಿಡಿದುಕೊಂಡು ಓಡಾಡುತ್ತದೆ. ಏಡಿ ಬೆಳೆಯುತ್ತದೆ, ಚಿಪ್ಪು ಬೆಳೆಯುವುದಿಲ್ಲ. ದೊಡ್ಡ ಚಿಪ್ಪು ಸಿಗದಿದ್ದರೆ ಟ್ಯಾಂಕಿನಲ್ಲಿರುವ ಬಸವನಹುಳುವನ್ನು ಕೊಂದು ಅದರ ಚಿಪ್ಪು ತೆಗೆದುಕೊಳ್ಳುತ್ತದೆ. “ನಮ್ಮ ಏಡಿ ಕೆಟ್ಟದ್ದು, ಬಸವನಹುಳು ತಿನ್ನುತ್ತೆ” ಎಂದು ದೂರುವವರ ಟ್ಯಾಂಕಿನಲ್ಲಿ ಖಾಲಿ ಚಿಪ್ಪು ಇದೆಯಾ ನೋಡಿ. ಬಹಳ ಸಲ ಒಂದೂ ಇರುವುದಿಲ್ಲ.

ಒಂದು ಏಡಿಗೆ ಎರಡು ಮೂರು ಚಿಪ್ಪು ಇರಲಿ. ಈಗಿನದಕ್ಕಿಂತ ಸ್ವಲ್ಪ ದೊಡ್ಡವು, ಬೇರೆ ಬೇರೆ ಅಳತೆಯವು. ಬಣ್ಣ ಬಳಿದವು ಬೇಡ. ಒಡಕು, ತೂತು ಇದ್ದವೂ ಬೇಡ. ಹತ್ತು ನಿಮಿಷ ಕುದಿಸಿ, ಆರಿಸಿ, ಆರ್‌ಓ-ಡಿಐ ನೀರಿನಲ್ಲಿ ಒಂದು ದಿನ ನೆನೆಸಿ ಹಾಕಿ. ಟ್ಯಾಂಕಿನಲ್ಲಿ ಬಸವನಹುಳು ಸತ್ತರೆ ಅದರ ಚಿಪ್ಪು ತೊಳೆದು ಇಟ್ಟುಕೊಳ್ಳಿ. ಬೀಚಿಗೆ ಹೋದಾಗ ಚೀಲ ತುಂಬ ಆರಿಸಿ ತರುವುದು ನನಗೆ ಸರಿ ಅನ್ನಿಸುವುದಿಲ್ಲ. ಅಲ್ಲಿನ ಏಡಿಗಳಿಗೂ ಅದೇ ಚಿಪ್ಪು ಬೇಕು. ಕೆಲವು ಶಂಖಗಳಿಗೆ ಕಾಯ್ದೆಯ ರಕ್ಷಣೆಯೂ ಇದೆ.

ನಾಲ್ಕನೇ ಹೆಜ್ಜೆ: ಆಯ್ಕೆ

ರೀಫ್ ಟ್ಯಾಂಕಿಗೆ ಚೆನ್ನಾಗಿ ಹೊಂದುವವು ಎರಡು: ನೀಲಿ ಕಾಲಿನ ಹರ್ಮಿಟ್ ಮತ್ತು ಕೆಂಪು ಕಾಲಿನ ಸ್ಕಾರ್ಲೆಟ್ ಹರ್ಮಿಟ್. ಎರಡೂ ಕೆರಿಬಿಯನ್ ಕಡಲಿನವು, ಎರಡೂ ಚಿಕ್ಕವಾಗೇ ಉಳಿಯುತ್ತವೆ. ಸ್ಕಾರ್ಲೆಟ್ ಹೆಚ್ಚು ಸಾಧು. ಒಂದೇ ಬೇಕೆಂದರೆ ನಾನು ಅದನ್ನೇ ಆರಿಸುತ್ತೇನೆ. ಕಾಲಿನ ತುಂಬ ರೋಮವಿರುವ, ದಪ್ಪ ಮುಂಗಾಲಿನ ದೊಡ್ಡ ಹರ್ಮಿಟ್‌ಗಳು ರೀಫಿಗೆ ಬೇಡ. ಅವು ಮಲಗಿದ ಮೀನನ್ನೂ ಹಿಡಿಯಬಲ್ಲವು.

ಅಂಗಡಿಯಲ್ಲಿ ಚಿಪ್ಪನ್ನು ಮೆಲ್ಲಗೆ ಮುಟ್ಟಿ ನೋಡಿ. ಥಟ್ಟನೆ ಒಳಗೆ ಸೇದಿಕೊಂಡು, ಸ್ವಲ್ಪ ಹೊತ್ತಿಗೆ ಮತ್ತೆ ಹೊರಬಂದರೆ ಆರೋಗ್ಯವಾಗಿದೆ. ಕಾಲು ಜೋತುಬಿದ್ದದ್ದನ್ನು ತರಬೇಡಿ. 100 ಲೀಟರ್‌ನ ಹೊಸ ಟ್ಯಾಂಕಿಗೆ ಮೂರೋ ನಾಲ್ಕೋ ಸಾಕು. ಪಾಚಿ ಹೆಚ್ಚಾದರೆ ಆಮೇಲೆ ಸೇರಿಸಬಹುದು.

ಐದನೇ ಹೆಜ್ಜೆ: ಹನಿ ಹನಿಯಾಗಿ

ಉಪ್ಪಿನಂಶ ಒಮ್ಮೆಲೇ ಬದಲಾದರೆ ಏಡಿ ತಡೆಯುವುದಿಲ್ಲ. ಅಂಗಡಿಯಿಂದ ತಂದ ಚೀಲವನ್ನು ಕಟ್ಟಿದ ಹಾಗೇ ಕಾಲು ಗಂಟೆ ಟ್ಯಾಂಕಿನಲ್ಲಿ ತೇಲಬಿಡಿ. ಆಮೇಲೆ ಏಡಿ ಮತ್ತು ಚೀಲದ ನೀರನ್ನು ಡಬ್ಬಿಗೆ ಸುರಿದು, ಟ್ಯಾಂಕಿನಿಂದ ಡಬ್ಬಿಗೆ ಇಳಿಸಿದ ಏರ್ ಪೈಪಿಗೆ ಒಂದು ಗಂಟು ಹಾಕಿ, ಟ್ಯಾಂಕಿನ ನೀರನ್ನು ಸೆಕೆಂಡಿಗೆ ಎರಡು ಮೂರು ಹನಿಯಂತೆ ಬಿಡಿ. ಡಬ್ಬಿಯ ನೀರು ಮೂರು ಪಟ್ಟಾಗುವವರೆಗೆ, ಸುಮಾರು ಒಂದು ಗಂಟೆ ಕಾಯಿರಿ. ಲೈಟ್ ಆರಿಸಿ, ಏಡಿಯನ್ನು ಕೈಯಿಂದ ಎತ್ತಿ ಮರಳಿನ ಮೇಲೆ ಇಡಿ. ಚಿಪ್ಪಿನ ಬಾಯಿ ಕೆಳಗಿರಲಿ. ಡಬ್ಬಿಯ ನೀರನ್ನು ಸಿಂಕಿಗೆ ಚೆಲ್ಲಿ, ಟ್ಯಾಂಕಿಗೆ ಹಾಕಬೇಡಿ.

ಆಮೇಲೆ

ಹೊಸ ಟ್ಯಾಂಕಿನ ಪಾಚಿ ಬೇಗ ಮುಗಿಯುತ್ತದೆ. ಮೂರು ನಾಲ್ಕು ತಿಂಗಳಲ್ಲಿ ಏಡಿಗಳು ಸುಮ್ನೆ ಹಸಿದು ಸಾಯುವುದೂ ಇದೆ. ವಾರಕ್ಕೆರಡು ಸಲ ಕೈಯಾರೆ ಊಟ ಕೊಡಿ. ಉಪ್ಪು ಮಸಾಲೆ ಇಲ್ಲದ ನೋರಿ (ಒಣಗಿಸಿದ ಕಡಲ ಪಾಚಿ) ಹಾಳೆಯ ತುಂಡು, ಮುಳುಗುವ ಪೆಲೆಟ್, ತೊಗರಿಬೇಳೆಯಷ್ಟು ಸಿಗಡಿ. ಉಳಿದದ್ದನ್ನು ಮಾರನೇ ದಿನ ತೆಗೆದುಬಿಡಿ.

ಒಂದು ಬೆಳಿಗ್ಗೆ ಅಮ್ಮ ಟ್ಯಾಂಕಿನ ಮುಂದೆ ನಿಂತು, “ಅಯ್ಯೋ, ಏಡಿ ಸತ್ತುಹೋಗಿದೆ ನೋಡೋ” ಎಂದು ಕೂಗಿದರು. ಮರಳಿನ ಮೇಲೆ ಕಾಲು, ಮುಂಗಾಲು, ಕಣ್ಣು ಎಲ್ಲ ಇರುವ ಏಡಿಯೇ ಬಿದ್ದಿತ್ತು. ಎತ್ತಿ ಅಂಗೈಯಲ್ಲಿಟ್ಟೆ. ಭತ್ತದ ಹೊಟ್ಟಿನಷ್ಟು ಹಗುರ, ಒಳಗೆ ಟೊಳ್ಳು. ವಾಸನೆ ಇಲ್ಲ. ಅದು ಬಿಟ್ಟ ಪೊರೆ. ಏಡಿ ಬಂಡೆಯ ಸಂದಿಯಲ್ಲಿ ಚಿಪ್ಪಿನೊಳಗೆ ಅಡಗಿತ್ತು. ಹೊಸ ಕವಚ ಗಟ್ಟಿಯಾಗುವವರೆಗೆ ಅದು ಹೊರಬರುವುದಿಲ್ಲ. ಆಗ ಅದನ್ನು ಹುಡುಕಿ ಎಬ್ಬಿಸಬೇಡಿ. ನಿಜವಾಗಿ ಸತ್ತಿದ್ದರೆ ಮೆತ್ತನೆ ಹೊಟ್ಟೆಯ ಭಾಗವೂ ಇರುತ್ತದೆ, ಕೆಟ್ಟ ವಾಸನೆ ಬರುತ್ತದೆ. ಅದನ್ನು ಕೂಡಲೇ ತೆಗೆಯಿರಿ. ಜೀವಂತ ಏಡಿ ಚಿಪ್ಪಿಲ್ಲದೆ ಬರಿಮೈಯಲ್ಲಿ ಕಂಡರೆ ಟ್ಯಾಂಕಿನ ನೀರು ತುಂಬಿದ ಲೋಟದಲ್ಲಿ ಬಿಟ್ಟು, ಪಕ್ಕದಲ್ಲಿ ಎರಡು ಖಾಲಿ ಚಿಪ್ಪು ಇಟ್ಟು, ಕತ್ತಲಲ್ಲಿ ಬಿಡಿ.

ಚಿಪ್ಪು ಬದಲಾವಣೆ ನೋಡಬೇಕೆಂದರೆ ರಾತ್ರಿ ಲೈಟ್ ಆರಿದ ಮೇಲೆ ಸಣ್ಣ ಟಾರ್ಚ್ ಹಿಡಿದು ಕಾಯಿರಿ. ನನ್ನ ದೊಡ್ಡ ಸ್ಕಾರ್ಲೆಟ್ ಒಂದು ಖಾಲಿ ಚಿಪ್ಪನ್ನು ಹಿಡಿದುಕೊಂಡು, ಹೊರಳಿಸಿ, ಬಾಯಿಯ ಅಂಚನ್ನು ಸವರಿತು. ಮುಂಗಾಲನ್ನು ಒಳಗೆ ಇಳಿಸಿ ಆಳ ನೋಡಿತು. ಒಳಗಿದ್ದ ಮರಳನ್ನು ಒಂದೊಂದೇ ಕಾಳು ಎತ್ತಿ ಹೊರಹಾಕಿತು. ಇಷ್ಟಕ್ಕೇ ಇಪ್ಪತ್ತು ನಿಮಿಷ. ಆಮೇಲೆ ಕಣ್ಣು ಮಿಟುಕಿಸುವಷ್ಟರಲ್ಲಿ ಹೊಸ ಮನೆಯಲ್ಲಿತ್ತು. ಅದು ಬಿಟ್ಟ ಚಿಪ್ಪಿಗೆ ಪಕ್ಕದಲ್ಲೇ ಕಾಯುತ್ತಿದ್ದ ಚಿಕ್ಕದು ಇಳಿಯಿತು. ಆ ಚಿಕ್ಕದರ ಚಿಪ್ಪು ಈಗ ಖಾಲಿ. ಅದನ್ನು ನಾನು ತೆಗೆದಿಲ್ಲ, ನೀವೂ ತೆಗೆಯಬೇಡಿ. ಮುಂದೆ ಇನ್ನೂ ಚಿಕ್ಕ ಏಡಿ ತಂದರೆ ಅದಕ್ಕೆ ಬೇಕಾಗುತ್ತದೆ.