ಆಮಿಶರ ಊಟದ ಮೇಜು ಕೊಳ್ಳುವ ಮುನ್ನ: ಒಹಾಯೊಗೆ ಹೊಸದಾಗಿ ಬಂದ ಕನ್ನಡಿಗರಿಗೆ

ಕೊಲಂಬಸ್ ಸುತ್ತಮುತ್ತ ಸ್ವಂತ ಮನೆ ಮಾಡಿದ ಕನ್ನಡಿಗರು ಗೃಹಪ್ರವೇಶದ ಊಟ ಮುಗಿಯುವುದರೊಳಗೆ ಕೇಳುವ ಪ್ರಶ್ನೆ ಒಂದಿದೆ. ಹಳೆಯ ಕಾಲದ ರೀತಿಯಲ್ಲಿ ಬದುಕುವ ಕ್ರೈಸ್ತ ಪಂಗಡವಾದ ಆಮಿಶರು ಮಾಡುವ ಊಟದ ಮೇಜು ಅಷ್ಟು ಬೆಲೆಗೆ ತಕ್ಕದ್ದೇ? ತಕ್ಕದ್ದೇ. ಆದರೆ ಹೆಚ್ಚಿನವರು ಮರದ ಹೆಸರು ಕೇಳಿ, ಮೇಲ್ಮೈ ಸವರಿ, ದುಡ್ಡು ಕೊಟ್ಟು ಬರುತ್ತಾರೆ. ನಮ್ಮ ಮನೆಗಳಲ್ಲಿ ಮೇಜನ್ನು ಕೆಡಿಸುವುದು ಅರಿಸಿನ, ಒಲೆಯಿಂದ ಇಳಿಸಿದ ಪಾತ್ರೆ ಮತ್ತು ಇಲ್ಲಿನ ಚಳಿಗಾಲದ ಒಣಗಾಳಿ. ಇವನ್ನು ಆದಷ್ಟು ತಡೆಯುವುದು ಮೇಲಿನ ಲೇಪ ಮತ್ತು ಹಲಗೆಯ ಅಡಿಯ ಕೆಲಸ. ಮರದ ಜಾತಿಯ ವಿಚಾರ ಆಮೇಲಿನದು.

ಇನ್ನೂ ಬಾಡಿಗೆ ಮನೆಯಲ್ಲಿದ್ದರೆ, ಅದರಲ್ಲೂ ಮುಂದಿನ ವರ್ಷ ಯಾವ ಊರು ಎಂಬುದೇ ಗೊತ್ತಿಲ್ಲದಿದ್ದರೆ, ಈಗ ಕೊಳ್ಳಬೇಡಿ. ಇಂಥ ಮೇಜನ್ನು ಇಬ್ಬರು ಗಟ್ಟಿಗರೂ ಉಸಿರು ಬಿಗಿಹಿಡಿದೇ ಎತ್ತಬೇಕು. ಮೂರನೇ ಮಹಡಿಯ ಅಪಾರ್ಟ್‌ಮೆಂಟಿನಿಂದ ಅದನ್ನು ಇಳಿಸುವ ಕೂಲಿಗೆ ಒಂದು ಸಾಧಾರಣ ಮೇಜೇ ಬಂದೀತು. ಹಳೆಯ ಸಾಮಾನಿನ ಅಂಗಡಿಯಿಂದ ಏನಾದರೂ ತಂದು ಒಂದೆರಡು ವರ್ಷ ದೂಡಿ.

ಹೋಗಬೇಕಾದ ಜಾಗ ಹೋಮ್ಸ್ ಕೌಂಟಿ. ಕೊಲಂಬಸ್‌ನಿಂದ ಕಾರಿನಲ್ಲಿ ಎರಡು ತಾಸಿನೊಳಗಿನ ದಾರಿ. ಕ್ಲೀವ್‌ಲ್ಯಾಂಡಿನವರಿಗೂ ಹೆಚ್ಚುಕಡಿಮೆ ಅಷ್ಟೇ. ಮಿಲ್ಲರ್ಸ್‌ಬರ್ಗ್, ಬರ್ಲಿನ್, ವಾಲ್ನಟ್ ಕ್ರೀಕ್, ಮೌಂಟ್ ಹೋಪ್ ಎಂಬ ಸಣ್ಣ ಊರುಗಳ ನಡುವೆ ಗುಡ್ಡದ ಏರಿಳಿತಗಳಲ್ಲಿ ಕಾರ್ಖಾನೆಗಳೂ ಅಂಗಡಿಗಳೂ ಹರಡಿಕೊಂಡಿವೆ. ಪೂರ್ವದಲ್ಲಿ ನ್ಯೂ ಜೆರ್ಸಿ ಕಡೆಯವರಿಗೆ ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಕೌಂಟಿ, ಷಿಕಾಗೋದವರಿಗೆ ಇಂಡಿಯಾನಾದ ಶಿಪ್‌ಶೆವಾನಾ ಹತ್ತಿರ. ಭಾನುವಾರ ಎಲ್ಲವೂ ಮುಚ್ಚಿರುತ್ತದೆ. ಗುಡ್ ಫ್ರೈಡೇ, ಈಸ್ಟರ್ ಆದ ಮೇಲೆ ಬರುವ ಅಸೆನ್ಷನ್ ಗುರುವಾರ ಮತ್ತು ಅವರು ಹಳೆಯ ಕ್ರಿಸ್ಮಸ್ ಎಂದು ಆಚರಿಸುವ ಜನವರಿ 6ರಂದೂ ಬಾಗಿಲು ತೆರೆಯದ ಅಂಗಡಿಗಳು ಬಹಳ. ಶನಿವಾರ ಬೆಳಿಗ್ಗೆಯೇ ಹೊರಡಿ. ದಿಬ್ಬ ಹತ್ತಿದ ತಕ್ಷಣ ಎದುರಿಗೆ ಕುದುರೆ ಗಾಡಿ ಇರಬಹುದು, ಹಿಂಬದಿಯ ಕಿತ್ತಳೆ ತ್ರಿಕೋನ ಕಂಡೊಡನೆ ವೇಗ ಇಳಿಸಿ. ಸಸ್ಯಾಹಾರಿಗಳು ಬುತ್ತಿ ಕಟ್ಟಿಕೊಂಡು ಹೋಗುವುದು ಒಳ್ಳೆಯದು, ಅಲ್ಲಿನ ಹೋಟೆಲುಗಳಲ್ಲಿ ನೂಡಲ್ಸ್ ಸಹ ಕೋಳಿಯ ಸಾರಿನಲ್ಲೇ ಬೆಂದಿರುತ್ತದೆ.

ಆಮಿಶರ ಬಗ್ಗೆ ಇಷ್ಟು ತಿಳಿದಿದ್ದರೆ ಸಾಕು. 1693ರ ಸುಮಾರಿಗೆ ಸ್ವಿಟ್ಜರ್ಲೆಂಡ್ ಮತ್ತು ಅಲ್ಸಾಸ್ ಕಡೆಯಲ್ಲಿ ಯಾಕೋಬ್ ಅಮ್ಮನ್ ಎಂಬವನ ಹಿಂದೆ ನಿಂತು ಬೇರೆಯಾದ ಕ್ರೈಸ್ತ ಪಂಗಡ ಇದು. ಹದಿನೆಂಟನೇ ಶತಮಾನದಲ್ಲಿ ಪೆನ್ಸಿಲ್ವೇನಿಯಾಕ್ಕೆ, ಹತ್ತೊಂಬತ್ತನೆಯದರ ಆರಂಭದಲ್ಲಿ ಒಹಾಯೊಗೆ ಬಂದರು. ಮನೆಯಲ್ಲಿ ಇಂದಿಗೂ ಜರ್ಮನ್ನಿನ ಒಂದು ಉಪಭಾಷೆ ಆಡುತ್ತಾರೆ. ಮೂಲತಃ ಒಕ್ಕಲುತನದವರು, ದೊಡ್ಡ ಸಂಸಾರಗಳಿಗೆ ಹಂಚುವಷ್ಟು ಭೂಮಿ ಉಳಿಯದೆ, ಇದ್ದ ಭೂಮಿಯ ಬೆಲೆಯೂ ಏರಿದಾಗ ಬಹಳ ಜನ ಮರಗೆಲಸಕ್ಕೆ ಇಳಿದರು. ಮುಖ ಕಾಣುವಂತೆ ಅವರ ಫೋಟೊ ತೆಗೆಯಬೇಡಿ. ಬೆಲೆಯಲ್ಲಿ ಚೌಕಾಸಿಗೂ ಹೋಗಬೇಡಿ: ಚಿಕ್ಕಪೇಟೆಯ ಅಭ್ಯಾಸ ಅಲ್ಲಿ ನಡೆಯುವುದಿಲ್ಲ, ಕೇಳಿದವರಿಗೇ ಮುಜುಗರ.

ಇನ್ನು ಕೈಯಿಂದ ಮಾಡಿದ್ದು ಎಂಬ ಮಾತು. ವಿದ್ಯುತ್ ಜಾಲದ ತಂತಿಯನ್ನು ಒಳಗೆ ಬಿಟ್ಟುಕೊಳ್ಳದವರ ಕಾರ್ಖಾನೆಯಲ್ಲಿ ಉಳಿ, ಸುತ್ತಿಗೆ, ಕೈಗರಗಸ ಮಾತ್ರ ಇರುತ್ತವೆ ಎಂದು ಹೊಸಬರು ಊಹಿಸಿಕೊಂಡಿರುತ್ತಾರೆ. ಒಳಗೆ ಹೋದರೆ ಕಾಣುವುದು ಬೇರೆ. ಹಿಂದಿನ ಕೊಟ್ಟಿಗೆಯಲ್ಲಿ ಡೀಸೆಲ್ ಎಂಜಿನ್ ಗುಡುಗುತ್ತಿರುತ್ತದೆ. ಅದರಿಂದ ಒತ್ತಡದ ಗಾಳಿ ಕೊಳವೆಗಳಲ್ಲಿ ಬಂದು ಉಜ್ಜುವ ಯಂತ್ರಗಳನ್ನು ತಿರುಗಿಸುತ್ತದೆ. ದೊಡ್ಡ ಗರಗಸಗಳು ಹೈಡ್ರಾಲಿಕ್ ಒತ್ತಡದಿಂದ ಓಡುತ್ತವೆ. ಬೆಳಕು ಛಾವಣಿಯ ಗಾಜಿನಿಂದ. ಇದರಲ್ಲಿ ಮೋಸವೇನೂ ಇಲ್ಲ. ಕೈಕೆಲಸ ಇರುವುದು ಹಲಗೆಗಳನ್ನು ಆರಿಸುವುದರಲ್ಲಿ. ಯಾವುದರ ಪಕ್ಕ ಯಾವುದು ಕೂತರೆ ಬಣ್ಣವೂ ಎಳೆಯೂ ಹೊಂದುತ್ತವೆ, ಯಾವ ಗಂಟು ಅಡಿಗೆ ಹೋಗಬೇಕು ಎಂದು ಒಬ್ಬ ನಿಂತು ನೋಡಿರುತ್ತಾನೆ. ನಾನು ಹಣ ಕೊಡುವುದು ಆ ನೋಟಕ್ಕೆ.

ಆದರೆ ಹೆದ್ದಾರಿಯ ಬದಿಯಲ್ಲಿ ಆಮಿಶ್ ಎಂದು ಫಲಕ ಹಾಕಿದ್ದೆಲ್ಲ ಅವರದ್ದಲ್ಲ. ಆಮಿಶ್ ಶೈಲಿ ಎಂದರೆ ಆಮಿಶರು ಮಾಡಿದ್ದು ಎಂದು ಅರ್ಥವಲ್ಲ. ಹಾಗೆಯೇ ಸಾಲಿಡ್ ವುಡ್ ಎಂಬ ಚೀಟಿ ಆಗ್ನೇಯ ಏಷ್ಯಾದ ರಬ್ಬರ್ ಮರಕ್ಕೂ ಅಂಟುತ್ತದೆ. ಅದು ಸುಳ್ಳಲ್ಲ, ನೀವು ಹುಡುಕುತ್ತಿರುವುದು ಅದಲ್ಲ ಅಷ್ಟೇ. ಯಾವ ಕಾರ್ಖಾನೆ, ಯಾವ ಊರು, ಮೇಲ್ಹಲಗೆ ಯಾವ ಮರ, ಕಾಲು ಯಾವ ಮರ ಎಂದು ಕೇಳಿ. ನೇರ ಉತ್ತರ ಬರದಿದ್ದರೆ ಮುಂದಿನ ಅಂಗಡಿಗೆ ನಡೆಯಿರಿ.

ಮೇಜಿನ ಮುಂದೆ ನಿಂತಾಗ ಮೊದಲು ಅಂಚು ನೋಡಿ. ಮೇಲ್ಮೈಯಲ್ಲಿ ಓಡುವ ಎಳೆಗಳು ಹಲಗೆಯ ತುದಿಯಲ್ಲಿ ಅಡ್ಡಸೀಳಿನ ಬಳೆಗೆರೆಗಳಾಗಿ ಮುಂದುವರಿಯಬೇಕು. ಮೇಲೊಂದು ಚಿತ್ತಾರ, ತುದಿಯಲ್ಲಿ ಇನ್ನೊಂದು ಪಟ್ಟಿ ಕಂಡರೆ ಅದು ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ ಹಲಗೆ) ಮೇಲೆ ಅಂಟಿಸಿದ ವೆನೀರ್, ಅಂದರೆ ಮರದ ತೆಳು ಪದರ. ಆಮೇಲೆ ನಾಚಿಕೆ ಬಿಟ್ಟು ಮೇಜಿನಡಿಗೆ ಬಗ್ಗಿ, ಮೊಬೈಲ್ ಟಾರ್ಚ್ ಹಾಕಿ. ಒಳ್ಳೆಯ ಅಂಗಡಿಯವರು ತಾವೇ ಬಗ್ಗಿ ತೋರಿಸುತ್ತಾರೆ.

ಅಲ್ಲಿ ನೋಡಬೇಕಾದದ್ದು ಮೇಲ್ಹಲಗೆಯನ್ನು ಕೆಳಗಿನ ಚೌಕಟ್ಟಿಗೆ ಹೇಗೆ ಹಿಡಿಸಿದ್ದಾರೆ ಎಂಬುದು. ಮರ ಅಗಲದಲ್ಲಿ ಹಿಗ್ಗಿ ಕುಗ್ಗುತ್ತದೆ, ಉದ್ದದಲ್ಲಿ ಅಲ್ಲವೇ ಅಲ್ಲ ಎನ್ನುವಷ್ಟು ಕಡಿಮೆ. ಒಹಾಯೊದ ಬೇಸಿಗೆಯಲ್ಲಿ ಗಾಳಿ ತೇವ, ಜನವರಿಯಲ್ಲಿ ಹೀಟರ್ ಉರಿದು ಮನೆಯೊಳಗೆ ತುಟಿ ಒಡೆಯುವಷ್ಟು ಒಣ. ಈ ಎರಡರ ನಡುವೆ 42 ಅಂಗುಲ ಅಗಲದ ಹಲಗೆ ಕಾಲು ಅಂಗುಲ, ಕೆಲವೊಮ್ಮೆ ಅದಕ್ಕೂ ಹೆಚ್ಚು ಸರಿಯಬಹುದು. ಹಾಗಾಗಿ ತಿರುಪು ಕೂರುವ ತೂತು ಉದ್ದುದ್ದ ಸೀಳಿನಂತೆ ಇರಬೇಕು, ಅಥವಾ ಎಂಟರ ಆಕಾರದ ಲೋಹದ ಕ್ಲಿಪ್ಪುಗಳಿರಬೇಕು. ಸುತ್ತಲೂ ಅಂಟು ಬಳಿದು ಬಿಗಿದಿದ್ದರೆ ಒಂದಲ್ಲ ಒಂದು ಚಳಿಗಾಲದಲ್ಲಿ ಹಲಗೆ ಸೀಳುತ್ತದೆ. ಎರಡು ತುದಿಯಲ್ಲೂ ಅಡ್ಡಪಟ್ಟಿ ಕೂರಿಸಿದ ಮೇಜುಗಳಲ್ಲಿ ಆ ಪಟ್ಟಿ ಒಂದು ಋತುವಿನಲ್ಲಿ ಕೂದಲೆಳೆಯಷ್ಟು ಹೊರಚಾಚುವುದು, ಇನ್ನೊಂದರಲ್ಲಿ ಒಳಸರಿಯುವುದು ಸಹಜ. ಅದನ್ನು ದೋಷವೆಂದು ಫೋನ್ ಮಾಡಬೇಡಿ.

ಮರದ ಮಾತಿಗೆ ಬರೋಣ. ನಮ್ಮವರಿಗೆ ಮರವೆಂದರೆ ತೇಗ, ಅದಕ್ಕಿಂತ ಮೇಲೆ ಬೀಟೆ. ಇಲ್ಲಿ ಆ ಅಳತೆಗೋಲು ಬಿಡಿ. ತೇಗಕ್ಕೆ ಬೆಲೆ ಬಂದದ್ದು ಅದರ ಎಣ್ಣೆಯಂಶ ನೀರನ್ನೂ ಗೆದ್ದಲನ್ನೂ ದೂರವಿಡುವುದರಿಂದ, ಅದು ಬಹಳ ಗಟ್ಟಿ ಎಂಬುದರಿಂದಲ್ಲ. ಮರದ ಗಡಸುತನವನ್ನು ಇಲ್ಲಿ ಜಂಕಾ ಅಂಕದಲ್ಲಿ ಹೇಳುತ್ತಾರೆ: ಹಿಕರಿ 1820, ಹಾರ್ಡ್ ಮೇಪಲ್ 1450, ಬಿಳಿ ಓಕ್ 1360, ಕೆಂಪು ಓಕ್ 1290, ವಾಲ್ನಟ್ 1010, ಚೆರ್ರಿ 950. ತೇಗ ಈ ಪಟ್ಟಿಯಲ್ಲಿ ವಾಲ್ನಟ್ಟಿನ ಆಸುಪಾಸಿನಲ್ಲಿ ಬರುತ್ತದೆ.

ಕೆಂಪು ಓಕ್ ಅಗ್ಗ, ಗಟ್ಟಿ, ಎಲ್ಲೆಡೆ ಸಿಗುತ್ತದೆ. ಆದರೆ ಅದರ ರಂಧ್ರಗಳು ದೊಡ್ಡವು. ಲೇಪ ತೆಳುವಾಗಿದ್ದರೆ ಚಪಾತಿ ಹಿಟ್ಟು, ಸಾರಿನ ಪುಡಿ ಗೆರೆಗಳಲ್ಲಿ ಕೂರುತ್ತವೆ. ಓಕಿನಲ್ಲಿರುವ ಟ್ಯಾನಿನ್‌ಗೆ ಒದ್ದೆ ಕಬ್ಬಿಣ ತಾಗಿದರೆ ಕಪ್ಪು ಕಲೆ ಬೀಳುತ್ತದೆ. ಲೇಪ ಸವೆದ ಜಾಗದಲ್ಲಿ ದೋಸೆ ಹೆಂಚನ್ನು ಹಸಿಯಾಗಿ ಇಡಬೇಡಿ. ಬಿಳಿ ಓಕನ್ನು ಕ್ವಾರ್ಟರ್ ಸಾನ್ ರೀತಿಯಲ್ಲಿ, ಅಂದರೆ ಬಳೆಗೆರೆಗಳಿಗೆ ಅಡ್ಡವಾಗಿ ಕೊಯ್ದರೆ ಮೇಲ್ಮೈಯಲ್ಲಿ ಬೆಳ್ಳಿಯಂಥ ಮಚ್ಚೆಗಳು ಮಿನುಗುತ್ತವೆ, ಹಿಗ್ಗು ಕುಗ್ಗು ಸುಮಾರು ಅರ್ಧಕ್ಕೆ ಇಳಿಯುತ್ತದೆ. ದುಬಾರಿ, ಆದರೆ ಕಾರಣವಿರುವ ದುಬಾರಿ. ಚೆರ್ರಿ ನುಣುಪಾದ ಮರ, ಬೆಳಕಿಗೆ ಒಡ್ಡಿಕೊಂಡಂತೆ ಕೆಂಪಗೆ ಗಾಢವಾಗುತ್ತದೆ. ವಾಲ್ನಟ್ ಇದಕ್ಕೆ ತದ್ವಿರುದ್ಧ, ವರ್ಷ ಕಳೆದಂತೆ ತಿಳಿಯಾಗುತ್ತದೆ. ಮಕ್ಕಳು ಸ್ಟೀಲ್ ಲೋಟ ಕುಟ್ಟುವ ಮನೆಗೆ ಇವೆರಡೂ ಸ್ವಲ್ಪ ಮೆದು. ನನ್ನನ್ನು ಕೇಳಿದರೆ, ಕೈಬಿಗಿ ಇರುವ ಹೊಸ ಸಂಸಾರಕ್ಕೆ ಮಧ್ಯಮ ಕಂದು ಬಣ್ಣ ಹಚ್ಚಿದ ಬ್ರೌನ್ ಮೇಪಲ್ ಸಾಕು. ಅದು ಸಾಫ್ಟ್ ಮೇಪಲ್ ಜಾತಿಯದು, ಗಡಸಿನಲ್ಲಿ ಚೆರ್ರಿಯಷ್ಟೇ. ಆದರೆ ರಂಧ್ರ ಸಣ್ಣದು, ಒರೆಸುವುದು ಸುಲಭ, ಬೆಲೆಯೂ ಹಗುರ.

ಲೇಪದಲ್ಲಿ ಮಾತ್ರ ರಾಜಿ ಬೇಡ. ಬಹುತೇಕ ಕಾರ್ಖಾನೆಗಳು ಕನ್ವರ್ಶನ್ ವಾರ್ನಿಶ್ ಎಂಬ, ರಾಸಾಯನಿಕವಾಗಿ ಗಟ್ಟಿಯಾಗುವ ಲೇಪವನ್ನು ಸಿಂಪಡಿಸುತ್ತವೆ. ನೀರು, ಎಣ್ಣೆ, ಹುಣಸೆ ಹುಳಿ ಎಲ್ಲಕ್ಕೂ ತಡೆಯುತ್ತದೆ. ಬರಿ ಎಣ್ಣೆ ಉಜ್ಜಿದ ಮೇಜು ನೋಡಲು ಚೆಂದ, ಗೀರು ಬಿದ್ದರೆ ಮನೆಯಲ್ಲೇ ಸರಿಪಡಿಸಬಹುದು, ಆದರೆ ಅರಿಸಿನಕ್ಕೆ ಅದು ಬಾಗಿಲು ತೆರೆದ ಮನೆ. ಹಳೆಯದರಂತೆ ಕಾಣಲೆಂದು ಗೀರಿ, ತರಚಿ ಮಾಡಿದ ಮೇಲ್ಮೈಯ ಹತ್ತಿರವೂ ಹೋಗಬೇಡಿ; ಆ ತಗ್ಗುಗಳಲ್ಲಿ ಒಣಗಿದ ಹುಳಿಯನ್ನು ಬೆರಳುಗುರಿನಿಂದ ಕೆರೆಯುತ್ತಾ ಕೂರಬೇಕಾದೀತು. ಬಣ್ಣವನ್ನು ಓಸಿಎಸ್ ಎಂಬ ಸಂಕೇತ ಸಂಖ್ಯೆಗಳಿಂದ ಗುರುತಿಸುವುದು ಒಹಾಯೊದ ರೂಢಿ. ಒಂದೇ ಸಂಖ್ಯೆಯ ಬಣ್ಣ ಓಕ್ ಮೇಲೆ ಒಂದು ರೀತಿ, ಮೇಪಲ್ ಮೇಲೆ ಇನ್ನೊಂದು ರೀತಿ ಕಾಣುತ್ತದೆ. ನೀವು ಆರಿಸಿದ ಮರದ ಮೇಲೆಯೇ ಹಚ್ಚಿದ ಮಾದರಿ ತುಂಡನ್ನು ಕೇಳಿ ಮನೆಗೆ ತನ್ನಿ, ನಿಮ್ಮ ದೀಪದ ಕೆಳಗಿಟ್ಟು ನೋಡಿ.

ಅಳತೆಯ ವಿಷಯದಲ್ಲಿ ಅಂಗಡಿಯವರ ಲೆಕ್ಕ ಅವರ ಊಟದ ಲೆಕ್ಕ. ಒಬ್ಬರಿಗೆ 24 ಅಂಗುಲ, ಆರು ಜನಕ್ಕೆ 72 ಅಂಗುಲ ಉದ್ದ, ಕುರ್ಚಿಯ ಹಿಂದೆ 36 ಅಂಗುಲ ಓಡಾಟದ ಜಾಗ; ಇವು ನಮಗೂ ಸರಿ. ಅಗಲದಲ್ಲಿ ವ್ಯತ್ಯಾಸ ಬರುತ್ತದೆ. ಎದುರುಬದುರು ತಟ್ಟೆ ಲೋಟಗಳಿಗೆ ತಲಾ 15 ಅಂಗುಲ ಹೋದರೆ 42 ಅಂಗುಲದ ಮೇಜಿನಲ್ಲಿ ನಡುವೆ ಉಳಿಯುವುದು 12. ಅನ್ನ, ಸಾರು, ಹುಳಿ, ಪಲ್ಯ, ಕೋಸಂಬರಿ, ಮೊಸರು, ಉಪ್ಪಿನಕಾಯಿಯ ಭರಣಿ ಅಷ್ಟರಲ್ಲಿ ಹಿಡಿಯಬೇಕು. ಬಾಳೆಲೆ ಹಾಕುವ ದಿನವಂತೂ ಕೇಳಲೇಬೇಡಿ. ಕೋಣೆ ಅನುಮತಿಸಿದರೆ 44 ಅಥವಾ 46 ಕೇಳಿ, ಹೇಳಿದ ಅಳತೆಗೆ ಮಾಡಿಕೊಡುವುದೇ ಅವರ ಕೆಲಸ. 48 ದಾಟಿದರೆ ಎದುರಿನವರಿಗೆ ತುಪ್ಪ ಬಡಿಸಲು ಎದ್ದು ನಿಲ್ಲಬೇಕಾಗುತ್ತದೆ.

ಊರಿನಿಂದ ಅಪ್ಪ ಅಮ್ಮ ಬಂದಾಗ ಗಮನಿಸಿರುತ್ತೀರಿ: ಐದು ನಿಮಿಷದಲ್ಲಿ ಒಂದು ಕಾಲು ಕುರ್ಚಿಯ ಮೇಲೆ ಮಡಿಸಿಕೊಂಡಿರುತ್ತದೆ. ಕುರ್ಚಿಯ ಆಸನ ಸುಮಾರು 18 ಅಂಗುಲ ಎತ್ತರ, ಮೇಜು 30. ಆದರೆ ಹಲಗೆಯ ಕೆಳಗೆ ಸುತ್ತಲೂ ಒಂದು ಪಟ್ಟಿ ಇಳಿದಿರುತ್ತದೆ, ಅದು ನಾಲ್ಕೈದು ಅಂಗುಲ ಕೆಳಗಿಳಿದಿದ್ದರೆ ಮಡಿಸಿದ ಮೊಣಕಾಲು ತಗಲುತ್ತದೆ. ಆ ಪಟ್ಟಿ ಕಡಿಮೆ ಇಳಿದಿರಲಿ ಎಂದು ಹೇಳಿ ಬರೆಸಿ. ಒಂದೆರಡು ಕುರ್ಚಿಗಳ ಬದಲು ಕೈಯಿಲ್ಲದ ಬೆಂಚು ತೆಗೆದುಕೊಳ್ಳಿ. ಮೂಲೆಗೊಂದು ಕಾಲಿರುವ ಮೇಜಿಗಿಂತ ನಡುಗಂಬದ ಮೇಲೆ ನಿಂತ ಮೇಜಿನಲ್ಲಿ ಹಬ್ಬದ ದಿನ ಇನ್ನಿಬ್ಬರನ್ನು ತುರುಕಿ ಕೂರಿಸುವುದು ಸುಲಭ.

ಮೇಜನ್ನು ಉದ್ದ ಮಾಡಲು ನಡುವೆ ಸೇರಿಸುವ ಹಲಗೆಗೆ ಇಲ್ಲಿ ಲೀಫ್ ಎನ್ನುತ್ತಾರೆ, ಒಂದೊಂದು ಸಾಮಾನ್ಯವಾಗಿ 12 ಅಂಗುಲ. ಅಂಗಡಿಯಲ್ಲಿ ಎಲ್ಲ ಹಲಗೆಗಳನ್ನೂ ಹಾಕಿಸಿ, ನಡುವೆ ಅಂಗೈಯೂರಿ ಒತ್ತಿ ನೋಡಿ. ಬಳುಕಿದರೆ ನಡುವೆ ಇನ್ನೊಂದು ಕಾಲು ಬೇಕು. ಒಬ್ಬರೇ ಎಳೆದು ತೆರೆಯಲು ಬರಬೇಕು. ಮೇಜಿನ ಎಳೆಯೂ ಲೀಫಿನ ಎಳೆಯೂ ಒಂದೇ ದಿಕ್ಕಿಗೆ ಓಡಬೇಕು, ಇಲ್ಲದಿದ್ದರೆ ಋತು ಬದಲಾದಾಗ ಅಂಚುಗಳು ಸರಿಹೊಂದುವುದಿಲ್ಲ. ಸಂದಿನ ಕೆಳಗೆ ಬಿಗಿಯುವ ಕೊಂಡಿ ಇರಲಿ. ಸಾರು ಚೆಲ್ಲಿದರೆ ಹುಡುಕಿಕೊಂಡು ಹೋಗುವುದು ಆ ಸಂದನ್ನೇ. ಕೊಂಡಿ ಸಡಿಲವಾದ ಮೇಜಿನ ಸಂದಿನಲ್ಲಿ ಒಂದು ವರ್ಷದ ಅನ್ನದ ಅಗುಳು, ಸಾಸಿವೆ, ಒಗ್ಗರಣೆಯ ಕರಿಬೇವು ಸಿಗುತ್ತವೆ.

ಆರ್ಡರ್ ಮಾಡುವಾಗ ಮರ, ಬಣ್ಣದ ಸಂಖ್ಯೆ, ಲೇಪ, ಹೊಳಪು, ಅಂಚಿನ ಆಕಾರ, ಲೀಫುಗಳ ಸಂಖ್ಯೆ, ಕೆಳಪಟ್ಟಿಯ ಇಳಿತ ಎಲ್ಲವೂ ಚೀಟಿಯಲ್ಲಿ ಬರಲಿ. ಸಾಮಾನ್ಯವಾಗಿ ಅರ್ಧದಷ್ಟು ಮುಂಗಡ ಕೇಳುತ್ತಾರೆ. ಹೇಳಿ ಮಾಡಿಸಿದ್ದನ್ನು ವಾಪಸು ತೆಗೆದುಕೊಳ್ಳುವುದು ಅಪರೂಪ. ಸಣ್ಣ ಕಾರ್ಖಾನೆಗಳಲ್ಲಿ ಚೆಕ್ ಅಥವಾ ನಗದು ಮಾತ್ರ ನಡೆಯಬಹುದು, ಚೆಕ್ ಪುಸ್ತಕ ಜೊತೆಗಿರಲಿ. ಮೇಜು ಬರಲು ಎರಡರಿಂದ ನಾಲ್ಕು ತಿಂಗಳು ಹಿಡಿಯುವುದು ಮಾಮೂಲು. ದೀಪಾವಳಿಗೆ ಬೇಕಿದ್ದರೆ ಜೂನ್ ಕಳೆಯುವುದರೊಳಗೆ ಹೇಳಿ. ಹೊರಡುವ ಮುನ್ನ ನಿಮ್ಮ ಮನೆಯ ಬಾಗಿಲು, ಒಳಗಿನ ತಿರುವು ಎರಡನ್ನೂ ಅಳೆದುಕೊಂಡು ಹೋಗಿ.

ಮನೆಗೆ ಬಂದ ಮೇಲೆ ಮಾಡಬೇಕಾದದ್ದು ಹೆಚ್ಚಿಲ್ಲ. ಚಳಿಗಾಲದಲ್ಲಿ ಹ್ಯೂಮಿಡಿಫೈಯರ್ ಹಾಕಿ ತೇವಾಂಶ ಶೇಕಡಾ 35ರಿಂದ 45ರಲ್ಲಿ ಇರುವಂತೆ ನೋಡಿಕೊಳ್ಳಿ. ನಮ್ಮವರು ಪ್ರೀತಿಯಿಂದ ಹೊದಿಸುವ ಪ್ಲಾಸ್ಟಿಕ್ ಹಾಳೆ ಬೇಡ: ಅದರಲ್ಲಿನ ರಾಸಾಯನಿಕ ವಾರ್ನಿಶ್ಶನ್ನು ಮೆತ್ತಗೆ ಮಾಡಿ ಅಂಟಿಕೊಳ್ಳಬಹುದು. ಹತ್ತಿಯ ಬಟ್ಟೆ ಹಾಸಿ. ಯಾವ ಲೇಪವೂ ಕುಕ್ಕರಿನ ತಳಕ್ಕೆ ತಡೆಯುವುದಿಲ್ಲ, ಬಿಳಿ ಉಂಗುರ ಮೂಡುತ್ತದೆ, ಆದ್ದರಿಂದ ಮಣೆ ಇಟ್ಟೇ ಇಳಿಸಿ. ಅರಿಸಿನ ಬಿದ್ದರೆ ತಕ್ಷಣ ಒದ್ದೆ ಬಟ್ಟೆಯಿಂದ ಒರೆಸಿ. ಆದರೂ ಹಳದಿ ಉಳಿದರೆ ಪಾತ್ರೆ ಉಜ್ಜುವ ಹಸಿರು ನಾರು, ಬ್ಲೀಚು, ಉಗುರಿನ ಬಣ್ಣ ತೆಗೆಯುವ ದ್ರವ ಯಾವುದನ್ನೂ ಮುಟ್ಟಬೇಡಿ. ಕಿಟಕಿಯ ಪರದೆ ಸರಿಸಿ ಕೆಲವು ದಿನ ಬಿಸಿಲು ಬೀಳಲು ಬಿಡಿ, ಅರಿಸಿನದ ಬಣ್ಣ ಬಿಸಿಲಿಗೆ ತಾನೇ ಮಾಸುತ್ತದೆ. ಚೆರ್ರಿ ಮೇಜಾದರೆ ಮೊದಲ ಆರು ತಿಂಗಳು ಲೀಫುಗಳನ್ನು ಕತ್ತಲೆಯ ಕಪಾಟಿಗೆ ಸೇರಿಸದೆ ಮೇಜಿಗೇ ಹಾಕಿಡಿ. ಇಲ್ಲದಿದ್ದರೆ ಮೊದಲ ಹಬ್ಬಕ್ಕೆ ಮೇಜು ಎಳೆದಾಗ ನಡುವಿನ ಹಲಗೆ ಬೇರೆಯದೇ ಮರದ್ದೇನೋ ಎನ್ನುವಷ್ಟು ತಿಳಿಯಾಗಿ ಕಾಣುತ್ತದೆ, ಆಮೇಲೆ ಅದು ಉಳಿದದ್ದರ ಬಣ್ಣಕ್ಕೆ ಬರಲು ತಿಂಗಳುಗಳೇ ಬೇಕು.